ಗೆಳೆಯನ ಪಕ್ಷವೋ, ಗೆಳೆಯನ ಹಿತವೋ?

ನಿಷ್ಠಾವಂತ ಗೆಳೆಯ ಎಂದರೆ ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವವನು ಕರ್ಣ. ಪಂಪನ ಕಾಲದಿಂದಲೂ ಅವನನ್ನು ಮೆಚ್ಚುತ್ತಲೇ ಬಂದಿದ್ದೇವೆ. ತಾನು ಯಾರ ಮಗನೆಂದು ಗೊತ್ತಾದ ಮೇಲೂ ದುರ್ಯೋಧನನ ಋಣ ಮರೆಯದೆ ಅವನ ಪಕ್ಷದಲ್ಲೇ ನಿಂತು ಸತ್ತವನು ಅವನು. ಕ್ರೈಸ್ತ ಚಿಂತನೆಯೂ ಇಂಥ ತ್ಯಾಗವನ್ನು ಕೀಳುಗಳೆಯುವುದಿಲ್ಲ. ಗೆಳೆಯರಿಗಾಗಿ ಪ್ರಾಣ ಕೊಡುವುದನ್ನು ಯೇಸುವೇ ಪ್ರೀತಿಯ ತುತ್ತತುದಿ ಎಂದು ಬೋಧಿಸಿದ್ದಾನೆ. ಆದರೆ ಆ ಚಿಂತನೆ ಅಲ್ಲಿಗೇ ಸುಮ್ಮನಾಗದೆ ಇನ್ನೊಂದು ಪ್ರಶ್ನೆ ಹಾಕುತ್ತದೆ: ಆ ತ್ಯಾಗದಿಂದ ದುರ್ಯೋಧನನಿಗೆ ಆದ ಒಳಿತಾದರೂ ಏನು? ಗೆಳೆಯ ಹಾಳಾಗುತ್ತಿರುವಾಗ ಅವನ ಬೆನ್ನಿಗೆ ನಿಲ್ಲುವುದು ಎಷ್ಟರ ಮಟ್ಟಿಗೆ ಗೆಳೆತನ? ಗೆಳೆಯನಿಗೆ ಏನು ಬೇಕೋ ಅದಕ್ಕಿಂತ, ಅವನಿಗೆ ಯಾವುದು ಒಳಿತೋ ಅದಕ್ಕೆ ನಿಷ್ಠೆ ಸಲ್ಲಬೇಕು ಎಂಬುದು ಈ ಪರಂಪರೆಯ ನಿಲುವು. ಹೇಳುವುದಕ್ಕೆ ಇದು ಸುಲಭ. ಇದರ ತೊಡಕುಗಳು ಬೇರೆಯೇ ಇವೆ.

ಹಳೆಯ ಒಡಂಬಡಿಕೆಯಲ್ಲಿ ಗೆಳೆತನಕ್ಕೆ ಮಾದರಿಯಾಗಿ ನಿಂತವನು ಸೌಲ ರಾಜನ ಮಗ ಯೋನಾತಾನ. ತಂದೆಯ ನಂತರ ಸಿಂಹಾಸನ ಅವನಿಗೇ ಬರಬೇಕಿತ್ತು. ಗೆಳೆಯ ದಾವೀದ ಬದುಕಿದ್ದರೆ ಅದು ಕೈತಪ್ಪುತ್ತದೆಂದು ಮುಂದೆ ತಂದೆ ಬಾಯಿಬಿಟ್ಟೇ ಹೇಳುತ್ತಾನೆ. ಅದಕ್ಕೂ ಮೊದಲೇ ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟನ್ನು ದಾವೀದನಿಗೆ ಕೊಟ್ಟ. ಈ ಉಡುಗೊರೆಯನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ತೂಕದ ಸಂಗತಿ ಒಂದು ಅಧ್ಯಾಯದ ಆಚೆಗಿದೆ. ಸೌಲ ದಾವೀದನನ್ನು ಕೊಲ್ಲಿಸಲು ಹೊರಟಾಗ ಯೋನಾತಾನ ತಂದೆಯ ಎದುರಿಗೇ ನಿಂತು, ನಿರಪರಾಧಿಯ ರಕ್ತದ ಪಾಪ ಕಟ್ಟಿಕೊಳ್ಳಬೇಡ ಎಂದು ವಾದಿಸುತ್ತಾನೆ. ಆ ಒಂದೇ ಮಾತು ಗೆಳೆಯನ ಜೀವವನ್ನೂ ತಂದೆಯ ಆತ್ಮವನ್ನೂ ಕಾಯಲು ನೋಡುತ್ತದೆ. ಮುಂದೆ ತಂದೆ ಅವನ ಮೇಲೆಯೇ ಈಟಿ ಎಸೆದ. ಯೋನಾತಾನ ಮಾತ್ರ ತಂದೆಯನ್ನು ಬಿಟ್ಟುಹೋಗಲಿಲ್ಲ. ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಇಬ್ಬರೂ ಸತ್ತರು. ಜೊತೆಯಲ್ಲೇ ಉಳಿದು ತಪ್ಪಿಗೆ ಮಾತ್ರ ಕೈಜೋಡಿಸದಿರುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣುವುದಿಲ್ಲ.

ಗೆಳೆತನವನ್ನು ತನ್ನ ಗಾಯದಿಂದಲೇ ಕಲಿತವನು ಸಂತ ಅಗಸ್ಟೀನ. ಉತ್ತರ ಆಫ್ರಿಕಾದ ಥಗಾಸ್ತೆ ಅವನ ಊರು. ಇಪ್ಪತ್ತರ ಆಸುಪಾಸಿನಲ್ಲಿ ಅಲ್ಲಿ ಪಾಠ ಹೇಳುತ್ತಿದ್ದಾಗ ಅವನಿಗೊಬ್ಬ ಜೀವದ ಗೆಳೆಯನಿದ್ದ. ‘ಕನ್ಫೆಷನ್ಸ್’ನ ನಾಲ್ಕನೆಯ ಭಾಗದಲ್ಲಿ ಅವನ ಕಥೆ ಇದೆ, ಹೆಸರಿಲ್ಲ. ಅಗಸ್ಟೀನ ಅವನನ್ನು ತಾನು ಆಗ ನಂಬಿದ್ದ, ಕ್ರೈಸ್ತ ಸಭೆಗೆ ಹೊರತಾದ ಮಾನಿಕೇಯ ಪಂಥದತ್ತ ಸೆಳೆದುಕೊಂಡಿದ್ದ. ಗೆಳೆಯ ಜ್ವರದಿಂದ ಪ್ರಜ್ಞೆ ತಪ್ಪಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಅವನಿಗೆ ಎಚ್ಚರವಾದ ಮೇಲೆ ಅಗಸ್ಟೀನ ಅದನ್ನು ಲೇವಡಿ ಮಾಡಿದ. ಗೆಳೆಯನೂ ಜೊತೆಗೂಡಿ ನಗುತ್ತಾನೆಂದು ಅವನ ಎಣಿಕೆ. ಗೆಳೆಯನಾದರೋ ಶತ್ರುವನ್ನು ನೋಡಿದಂತೆ ನೋಡಿ, ನನ್ನ ಸ್ನೇಹ ಬೇಕಿದ್ದರೆ ಈ ಮಾತು ನಿಲ್ಲಿಸು ಎಂದುಬಿಟ್ಟ. ಅಗಸ್ಟೀನ ಬೆಚ್ಚಿದ. ಅವನು ಚೇತರಿಸಿಕೊಳ್ಳಲಿ, ಆಮೇಲೆ ಸರಿಮಾಡೋಣ ಎಂದು ಸುಮ್ಮನಾದ. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ ಗೆಳೆಯ ತೀರಿಕೊಂಡ. ಆ ಹೊತ್ತಿಗೆ ಅಗಸ್ಟೀನ ಬಳಿಯಲ್ಲಿರಲಿಲ್ಲ. ಊರಿನಲ್ಲಿ ಇರಲಾಗದೆ ಅವನು ಕಾರ್ಥೇಜಿಗೆ ಹೋದ. ಆ ಇಬ್ಬರಲ್ಲಿ ನಿಜವಾದ ಗೆಳೆತನ ತೋರಿದವನು ಹಾಸಿಗೆಯಲ್ಲಿದ್ದವನೇ ಎಂದು ನನ್ನ ತೀರ್ಮಾನ. ಬಿಷಪ್ ಆದ ಮೇಲೆ ಅಗಸ್ಟೀನ ಇದನ್ನೆಲ್ಲ ಬರೆದದ್ದು. ಸಾಯುವವನನ್ನು ಎಂದೂ ಸಾಯದವನೆಂಬಂತೆ ಪ್ರೀತಿಸಿದೆ, ಅದೇ ನನ್ನನ್ನು ಕೆಡವಿತು ಎಂದು ಅವನು ತನ್ನನ್ನು ತಾನೇ ವಿಚಾರಿಸಿಕೊಂಡ. ಗೆಳೆಯನನ್ನು ದೇವರಲ್ಲಿ ಪ್ರೀತಿಸಬೇಕು ಎಂಬ ಅವನ ಬೋಧನೆ ಹುಟ್ಟಿದ್ದು ಈ ಅನುಭವದಿಂದ. ಹಾಗಾದರೆ ಗೆಳೆಯ ಬರೀ ದೇವರ ಬಳಿಗೆ ಹತ್ತುವ ಮೆಟ್ಟಿಲಾಗುವುದಿಲ್ಲವೇ ಎಂದು ಕೇಳಬಹುದು. ಅಗಸ್ಟೀನ ಕಂಡಂತೆ ವಿಷಯ ತಿರುಗುಮುರುಗು: ನನ್ನ ಸುಖಕ್ಕೆ ಗೆಳೆಯನೇ ಆಧಾರವಾದಾಗ ಅವನು ನನಗೆ ಸಾಧನವಾಗುತ್ತಾನೆ.

ಇನ್ನೂ ಬಲವಾದ ಆಕ್ಷೇಪ ಬೇರೆ ಇದೆ. ಗೆಳೆಯನ ಹಿತ ಯಾವುದೆಂದು ನಿರ್ಧರಿಸುವವರು ಯಾರು? ಹಿತದ ಹೆಸರಿನಲ್ಲಿ ಉಪದೇಶ ಸುರಿಯುವವರ ಕಾಟ ನಮಗೇನೂ ಹೊಸದಲ್ಲ. ಬೈಬಲ್ಲಿಗೂ ಇದು ಗೊತ್ತು. ಯೋಬನ ಗ್ರಂಥದ ಬಹುಪಾಲು ಇದೇ ಕಾಟದ ಕಥೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬನ ಬಳಿಗೆ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ಕಷ್ಟ ಬಂದಿದೆಯೆಂದರೆ ಪಾಪ ಮಾಡಿರಲೇಬೇಕು ಎಂಬ ಸಿದ್ಧಾಂತ ಉಳಿಸಿಕೊಳ್ಳುವ ಭರದಲ್ಲಿ ಗೆಳೆಯನನ್ನೇ ಅಪರಾಧಿಯಾಗಿಸುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ದೇವರ ಪರ ವಾದಿಸಿದ ಈ ಮೂವರ ಮೇಲೆ. ಅವರಿಗಾಗಿ ಪ್ರಾರ್ಥಿಸುವವನು ಯೋಬ. ಹಾಗಾಗಿ ಎಚ್ಚರಿಸುವ ಹಕ್ಕಿಗೆ ಕ್ರೈಸ್ತ ಬೋಧನೆ ಒಂದು ಬೆಲೆ ಇಟ್ಟಿದೆ: ಗೆಳೆಯನ ಸಂಕಟದ ಪಕ್ಕದಲ್ಲಿ ಕುಳಿತವನಿಗೆ, ತಾನೂ ತಪ್ಪಿರಬಹುದೆಂದು ಬಲ್ಲವನಿಗೆ ಮಾತ್ರ ಅದು ಸಿಗುತ್ತದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಷ್ಯರನ್ನು ಸೇವಕರೆನ್ನದೆ ಗೆಳೆಯರೆಂದು ಕರೆಯಲು ಕೊಡುವ ಕಾರಣವೂ, ತಂದೆಯಿಂದ ತಿಳಿದದ್ದನ್ನೆಲ್ಲ ಅವರಿಗೆ ಹೇಳಿದ್ದೇನೆ ಎಂಬುದು. ತನ್ನ ಎದೆ ತೆರೆದವನ ಮಾತು ಚುಚ್ಚಿದರೂ ಕಿವಿಗೆ ಬೀಳುತ್ತದೆ.

ಇನ್ನೊಂದು ಪ್ರಶ್ನೆಯೂ ಉಳಿದಿದೆ: ಎಲ್ಲರನ್ನೂ, ಶತ್ರುವನ್ನೂ ಪ್ರೀತಿಸಬೇಕೆನ್ನುವ ಧರ್ಮದಲ್ಲಿ ಕೆಲವರನ್ನು ಮಾತ್ರ ಆರಿಸಿಕೊಳ್ಳುವ ಗೆಳೆತನಕ್ಕೆ ಜಾಗವೆಲ್ಲಿ? 1847ರಲ್ಲಿ ಪ್ರೀತಿಯ ಕುರಿತು ಬರೆದ ಪುಸ್ತಕದಲ್ಲಿ ಡೆನ್ಮಾರ್ಕಿನ ಚಿಂತಕ ಕಿರ್ಕೆಗಾರ್ಡ್ ಇದನ್ನೇ ಎತ್ತಿದ: ಮನಸ್ಸಿಗೆ ಹಿಡಿಸಿದವರನ್ನು ಪ್ರೀತಿಸುವುದರಲ್ಲಿ ಆತ್ಮಪ್ರೀತಿ ಅಡಗಿದೆ ಎಂದು. ಅದರಲ್ಲಿ ಸತ್ಯವಿದೆ. ಆದರೆ ಯೇಸುವಿಗೂ ಬೇಥಾನ್ಯದ ಮಾರ್ಥ, ಮರಿಯ, ಲಾಜರರ ಮನೆ ಬೇರೆ ಮನೆಗಳಂತಿರಲಿಲ್ಲ. ಲಾಜರ ಸತ್ತಾಗ ಅವನು ಅತ್ತ. 12ನೆಯ ಶತಮಾನದಲ್ಲಿ ಯಾರ್ಕ್‌ಷೈರಿನ ರೀವೋ ಮಠದ ಅಧಿಪತಿಯಾಗಿದ್ದ ಏಲ್ರೆಡ್, ರೋಮನ್ ಲೇಖಕ ಸಿಸೆರೊನ ಗ್ರಂಥವನ್ನು ಮುಂದಿಟ್ಟುಕೊಂಡು ಗೆಳೆತನದ ಮೇಲೆ ಒಂದು ಸಂವಾದ ಬರೆದ. ಪ್ರೀತಿ ಎಲ್ಲರಿಗೂ ಸಲ್ಲಬೇಕು, ಗುಟ್ಟು ಒಪ್ಪಿಸುವುದು ಮಾತ್ರ ಪರೀಕ್ಷಿಸಿ ಆರಿಸಿದವರಿಗೆ ಎಂದು ಅವನು ಗೆರೆ ಎಳೆದ. ಕಿರ್ಕೆಗಾರ್ಡನ ಆಕ್ಷೇಪಕ್ಕೆ ಏಳು ಶತಮಾನ ಮೊದಲೇ ಸಿಕ್ಕ ಉತ್ತರ ಇದು ಎನ್ನಬಹುದು. ಆರಿಸಿದ ಗೆಳೆಯರಿಂದ ಉಳಿದವರ ಪಾಲು ಕಡಿಮೆಯಾಗಬೇಕಿಲ್ಲ. ಅದೇ ಸಂವಾದದಲ್ಲಿ ಶಿಷ್ಯರು ಏಲ್ರೆಡ್‌ನನ್ನು ಕೆಣಕುತ್ತಾರೆ: ನಿಮ್ಮ ಆ ಮುಂಗೋಪಿ ಗೆಳೆಯನನ್ನು ನೀವೇಕೆ ಇಷ್ಟು ಸಹಿಸುತ್ತೀರಿ? ಒಮ್ಮೆ ಗೆಳೆಯನೆಂದು ಒಪ್ಪಿಕೊಂಡ ಮೇಲೆ ಪ್ರೀತಿಸದೆ ಇರಲಾರೆ ಎಂಬುದು ಅವನ ಉತ್ತರ. ಧರ್ಮಕ್ಕೆ ಧಕ್ಕೆಯಾಗದ ವಿಷಯದಲ್ಲಿ ತಾನೇ ಸೋಲುತ್ತಾನಂತೆ. ಗೆಳೆತನ ಕಡಿದುಕೊಳ್ಳಲೇಬೇಕಾದ ಸಂದರ್ಭಗಳನ್ನೂ ಅವನು ಒಪ್ಪುತ್ತಾನೆ; ನಂಬಿಸಿ ಬೆನ್ನಿಗೆ ಇರಿಯುವುದು, ಗುಟ್ಟು ಬಯಲು ಮಾಡುವುದು ಅಂಥವು. ಆಗಲೂ ಒಡನಾಟ ನಿಲ್ಲಬಹುದು, ಪ್ರೀತಿ ನಿಲ್ಲಬಾರದು. ಗೆಳೆಯನಾಗಿದ್ದಾಗ ಅವನು ಹೇಳಿದ ಗುಟ್ಟನ್ನು, ಅವನು ನಮ್ಮದನ್ನು ಹೊರಗೆ ಹಾಕಿದ್ದರೂ, ನಾವು ಹೊರಗೆ ಹಾಕುವಂತಿಲ್ಲ.