ಕೊರಳು ಬಿಡಿಸುವುದೆಂದರೆ

ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಹೌಸಾ ಭಾಷೆ ಆಡುವವರ ನಡುವೆ ‘ವಾಹಾಯ’ ಎಂಬ ಪದವಿದೆ. ಐದನೆಯ ಹೆಂಡತಿ ಎಂದು ಅದನ್ನು ವಿವರಿಸುವುದುಂಟು. ಇಸ್ಲಾಮಿನಲ್ಲಿ ಐದನೆಯ ಹೆಂಡತಿ ಎಲ್ಲಿಂದ ಬಂದಳು ಎಂದು ಓದುಗರು ಕೇಳಬಹುದು. ಅವಳು ಮದುವೆಯಾಗಿ ಬಂದವಳಲ್ಲ, ಕೊಂಡು ತಂದವಳು. ಮಹ್ರ್ ಇಲ್ಲ, ನಿಕಾಹ್ ಇಲ್ಲ, ಅವಳ ಒಪ್ಪಿಗೆ ಕೇಳುವ ಮಾತಂತೂ ದೂರವೇ ಉಳಿಯಿತು. ಹೊಲದ ಕೆಲಸ, ಮನೆಯ ಚಾಕರಿ, ಯಜಮಾನ ಕರೆದಾಗ ಅವನ ಹಾಸಿಗೆ, ಇಷ್ಟು ಅವಳ ಪಾಲು.

ಹದಿಜತೂ ಮಾನಿ ಅಂಥವರಲ್ಲಿ ಒಬ್ಬಳು. 1996ರಲ್ಲಿ, ಹನ್ನೆರಡರ ಹರೆಯದಲ್ಲಿ, 2,40,000 ಸಿಎಫ್‌ಎ ಫ್ರಾಂಕಿಗೆ ಆಕೆಯನ್ನು ಮಾರಲಾಯಿತು. ಕೊಂಡವನಿಗೆ ಆಗಲೇ ನಾಲ್ವರು ಹೆಂಡತಿಯರಿದ್ದರು. ಒಂಬತ್ತು ವರ್ಷ ಆಕೆ ಅಲ್ಲಿ ದುಡಿದಳು, ಹೊಡೆತ ತಿಂದಳು, ಅವನ ಮಕ್ಕಳನ್ನು ಹೆತ್ತಳು. ಈ ನಡುವೆ 2003ರಲ್ಲಿ ನೈಜರ್ ಸರ್ಕಾರ ಗುಲಾಮಗಿರಿಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. 2005ರ ಆಗಸ್ಟ್‌ನಲ್ಲಿ ಯಜಮಾನ ಒಂದು ಬಿಡುಗಡೆ ಪತ್ರ ಬರೆದುಕೊಟ್ಟ. ಅದಕ್ಕೆ ಊರಿನ ಮುಖಂಡನ ಸಹಿಯೂ ಬಿತ್ತು. ಹದಿಜತೂ ಹೊರಡಲು ಅನುವಾದಾಗ ಅವನು ತಡೆದ. “ನೀನೀಗ ನನ್ನ ಹೆಂಡತಿ” ಎಂಬುದು ಅವನ ವಾದ.

ತಾಯಿಯನ್ನು ನೋಡಿ ಬರುತ್ತೇನೆಂದು ಹೇಳಿ ಆಕೆ ಆ ಮನೆಯಿಂದ ಪಾರಾದಳು, ನ್ಯಾಯಾಲಯದ ಮೆಟ್ಟಿಲು ಹತ್ತಿದಳು. ಮಹ್ರ್ ಕೊಟ್ಟಿಲ್ಲ, ಧಾರ್ಮಿಕ ವಿಧಿ ನಡೆದಿಲ್ಲ, ಆದ್ದರಿಂದ ಇದು ಮದುವೆಯೇ ಅಲ್ಲ ಎಂದು ಕೆಳಗಿನ ನ್ಯಾಯಾಲಯ 2006ರಲ್ಲಿ ಹೇಳಿತು. ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಬಿಡುಗಡೆಯಾದ ದಾಸಿ ಸಂಪ್ರದಾಯದ ಪ್ರಕಾರ ತಾನಾಗಿಯೇ ಯಜಮಾನನ ಹೆಂಡತಿಯಾಗುತ್ತಾಳಂತೆ! ಅಷ್ಟರಲ್ಲಿ ಆಕೆ ತನಗೆ ಒಪ್ಪಿಗೆಯಾದವನನ್ನು ಮದುವೆಯಾದಳು. ಅದಕ್ಕಾಗಿ 2007ರಲ್ಲಿ ಆಕೆಯ ಮೇಲೆ ದ್ವಿಪತಿತ್ವದ ಅಪರಾಧ ಹೊರಿಸಿ ಆರು ತಿಂಗಳ ಸಜೆ ವಿಧಿಸಲಾಯಿತು. ಗುಲಾಮಳಾಗಿದ್ದಾಗ ನೋಡದ ಜೈಲನ್ನು ಆಕೆ ನೋಡಿದ್ದು ಸ್ವತಂತ್ರಳಾದ ಮೇಲೆ. ಕೊನೆಗೆ ಪಶ್ಚಿಮ ಆಫ್ರಿಕಾದ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯ 2008ರ ಅಕ್ಟೋಬರ್ 27ರಂದು ತೀರ್ಪಿತ್ತಿತು. ಆಕೆಯನ್ನು ಗುಲಾಮಗಿರಿಯಿಂದ ರಕ್ಷಿಸಲು ನೈಜರ್ ಸರ್ಕಾರ ವಿಫಲವಾಗಿದೆ, ಒಂದು ಕೋಟಿ ಫ್ರಾಂಕ್ ಪರಿಹಾರ ಕೊಡಬೇಕು ಎಂದಿತು.

ಈ ಕಥೆ ಎತ್ತುವ ಪ್ರಶ್ನೆ ನೈಜರ್‌ನದು ಮಾತ್ರವಲ್ಲ. ಕೈಯಲ್ಲಿ ಪತ್ರವಿದ್ದೂ ಹದಿಜತೂ ಏಕೆ ಸ್ವತಂತ್ರಳಾಗಲಿಲ್ಲ? ಪತ್ರ ಕೊಟ್ಟವನು ಸ್ವಾತಂತ್ರ್ಯವೂ ತನ್ನದೇ ಸೊತ್ತು, ಅದನ್ನು ತಾನು ದಯಪಾಲಿಸುತ್ತಿದ್ದೇನೆ ಎಂದು ತಿಳಿದಿದ್ದ. ದಯಪಾಲಿಸಿದವನಿಗೆ ಹಿಂದಕ್ಕೆ ಪಡೆಯುವ ದಾರಿಯೂ ಗೊತ್ತಿರುತ್ತದೆ. ‘ಗುಲಾಮಳು’ ಎಂಬ ಪದ ತೆಗೆದು ‘ಹೆಂಡತಿ’ ಎಂಬ ಪದ ಇಟ್ಟರೆ ಸಾಕು.

ರಾಜ್ಯಗಳೂ ಹೀಗೆಯೇ ಯೋಚಿಸಿವೆ. ಬ್ರಿಟನ್ 1833ರಲ್ಲಿ ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದು ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆ ಹಣ ಹೋದದ್ದು ಒಡೆಯರ ಕೈಗೆ, ಬೆನ್ನು ಮುರಿದು ದುಡಿದವರಿಗೆ ಬಿಡಿಗಾಸೂ ಸಿಗಲಿಲ್ಲ. ಮಾರಿಟೇನಿಯಾ 1981ರಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದಾಗಲೂ ಆ ಆದೇಶದಲ್ಲಿ ಒಡೆಯರಿಗೆ ಪರಿಹಾರದ ಮಾತಿತ್ತು. ಗುಲಾಮರನ್ನು ಇಟ್ಟುಕೊಳ್ಳುವುದು ಅಲ್ಲಿ ಶಿಕ್ಷಾರ್ಹ ಅಪರಾಧವಾದದ್ದು 2007ರಲ್ಲಿ. ನಡುವಿನ ಇಪ್ಪತ್ತಾರು ವರ್ಷ ನಿಷೇಧವಿತ್ತು, ಅಪರಾಧಿ ಇರಲಿಲ್ಲ.

ನಮ್ಮ ಧರ್ಮ ಗುಲಾಮರ ವಿಮೋಚನೆಯನ್ನು ಪ್ರೋತ್ಸಾಹಿಸಿದೆ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಮಾತು ನಿಜ. ಕೊರಳು ಬಿಡಿಸುವುದನ್ನು ಪವಿತ್ರ ಕುರ್‌ಆನ್ ‘ಅಲ್‌ಬಲದ್’ ಅಧ್ಯಾಯದಲ್ಲಿ ಕಡಿದಾದ ಏರುದಾರಿಯೆಂದು ಕರೆದಿದೆ. ಆದರೆ ಹೆಮ್ಮೆಯ ಭರದಲ್ಲಿ ನಾವು ಬಿಡಿಸುವವನ ಪುಣ್ಯವನ್ನಷ್ಟೇ ಲೆಕ್ಕ ಹಾಕುತ್ತೇವೆ. ಬಿಡುಗಡೆಯಾದವನ ಕಡೆಯಿಂದ ನೋಡುವ ಅಭ್ಯಾಸ ನಮಗೆ ಕಡಿಮೆ.

‘ಅನ್ನೂರ್’ ಅಧ್ಯಾಯದ 33ನೆಯ ಸೂಕ್ತ ಆ ಕಡೆಯಿಂದಲೇ ಆರಂಭವಾಗುತ್ತದೆ. ಗುಲಾಮನು ತನ್ನ ಬಿಡುಗಡೆಗೆ ಕರಾರುಪತ್ರ ಕೇಳಿದರೆ, ಅವನಲ್ಲಿ ಒಳಿತು ಕಂಡರೆ, ಬರೆದುಕೊಡಿರಿ, ಅಲ್ಲಾಹನು ನಿಮಗಿತ್ತ ಸಂಪತ್ತಿನಿಂದ ಅವನಿಗೂ ಕೊಡಿರಿ ಎಂಬುದು ಅಲ್ಲಿನ ಆದೇಶ. ದಾಸಿಯರನ್ನು ವೇಶ್ಯಾವೃತ್ತಿಗೆ ಬಲವಂತಪಡಿಸಬಾರದೆಂಬ ವಿಧಿಯೂ ಅದೇ ಸೂಕ್ತದಲ್ಲಿದೆ. ಇಲ್ಲಿ ಮೊದಲ ಮಾತು ಗುಲಾಮನದು. ಬೇಡಿಕೆ ಅವನದು, ಉತ್ತರ ಕೊಡಬೇಕಾದವನು ಒಡೆಯ. ಬರಿಗೈಯಲ್ಲಿ ಕಳುಹಿಸುವಂತೆಯೂ ಇಲ್ಲ.

ಆದರೆ ಕರಾರು ಬರೆದುಕೊಡುವುದು ಕಡ್ಡಾಯವೋ, ಅಪೇಕ್ಷಣೀಯವೋ ಎಂಬ ಚರ್ಚೆ ಬಂದಾಗ ಹೆಚ್ಚಿನ ಫಿಕ್ಹ್ ಪಂಡಿತರು ಅಪೇಕ್ಷಣೀಯ ಎಂದರು. ಅವರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ಆದರೂ ಆ ಎರಡು ಪದಗಳ ನಡುವಿನ ಬಿರುಕಿನಲ್ಲಿ ಎಷ್ಟು ತಲೆಮಾರುಗಳು ಹುಟ್ಟಿ ಸತ್ತವು ಎಂಬುದನ್ನು ಯೋಚಿಸದಿರಲು ಆಗುವುದಿಲ್ಲ. ಗುಲಾಮರ ವಂಶದಲ್ಲಿ ಹುಟ್ಟಿದ ಮಾರಿಟೇನಿಯಾದ ಬಿರಾಮ್ ಅಬೀದ್ 2012ರಲ್ಲಿ ಹಳೆಯ ಫಿಕ್ಹ್ ಗ್ರಂಥಗಳ ಪ್ರತಿಗಳನ್ನು ಬಹಿರಂಗವಾಗಿ ಸುಟ್ಟು ಜೈಲು ಸೇರಿದರು. ಗ್ರಂಥ ಸುಡುವುದನ್ನು ನಾನು ಒಪ್ಪಲಾರೆ. ಆದರೆ ಅವರ ಕೃತ್ಯವನ್ನು ಖಂಡಿಸಿದ ನಾವು ಅವರ ಪ್ರಶ್ನೆಗೆ ಉತ್ತರ ಕೊಟ್ಟೆವೇ?

ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು ದುಷ್ಟರು ಬಳಸಿಕೊಳ್ಳುತ್ತಾರೆ. 2014ರಲ್ಲಿ ಇರಾಕಿನಲ್ಲಿ ಐಸಿಸ್ ಸಾವಿರಾರು ಯಝೀದಿ ಮಹಿಳೆಯರನ್ನು ಹಿಡಿದು ಮಾರಿದಾಗ ಧರ್ಮದ ಹೆಸರನ್ನೇ ಹೇಳಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಬಹಿರಂಗ ಪತ್ರ ಬರೆದು, ಗುಲಾಮಗಿರಿಯನ್ನು ಮರಳಿ ತರುವುದು ಇಸ್ಲಾಮಿನಲ್ಲಿ ನಿಷಿದ್ಧ ಎಂದು ಸಾರಿದರು. ಮಾರಾಟವಾದವರಲ್ಲಿ ಒಬ್ಬಳಾದ ನಾದಿಯಾ ಮುರಾದ್‌ಳನ್ನು ಮೋಸುಲ್‌ನ ಒಂದು ಮುಸ್ಲಿಂ ಕುಟುಂಬ ಜೀವದ ಹಂಗು ತೊರೆದು ಪಾರುಮಾಡಿತು. 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಕೆ ಜಗತ್ತಿನ ಮುಂದೆ ಬೇಡಿದ್ದು ಕನಿಕರವನ್ನಲ್ಲ. ಅಪರಾಧಿಗಳನ್ನು ವಿಚಾರಣೆಗೆ ನಿಲ್ಲಿಸಿ ಎಂದಳು.

ಹಝ್ರತ್ ಬಿಲಾಲ್(ರ)ರ ಕಥೆಯನ್ನು ನಾವು ಮಕ್ಕಳಿಗೆ ಹೇಳುವಾಗ ಸುಡುವ ಮರಳು, ಎದೆಯ ಮೇಲಿನ ಬಂಡೆ, ಹಝ್ರತ್ ಅಬೂಬಕರ್(ರ) ತೆತ್ತ ಬೆಲೆ, ಇಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಕಥೆ ಮುಂದಕ್ಕಿದೆ. ಮಕ್ಕಾ ವಿಜಯದ ದಿನ ಪ್ರವಾದಿ(ಸ) ಅವರನ್ನು ಕಅಬಾದ ಮೇಲೆ ಹತ್ತಿಸಿ ಅಝಾನ್ ಹೇಳಿಸಿದರು. ಕೆಲವು ಕುಲೀನರಿಗೆ ಅದು ಸಹಿಸಲಾಗಲಿಲ್ಲ. ಕೊರಳು ಬಿಡಿಸಿದರೆ ಸಾಲದು, ಆ ಕೊರಳಿನ ದನಿಗೆ ಊರು ಕಿವಿಗೊಡಬೇಕು.

ಇದನ್ನು ದೂರದ ದೇಶಗಳ ಮಾತೆಂದು ಬದಿಗಿಡುವಂತಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತಿತರ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 2021ರಲ್ಲಿ ಸುಮಾರು ಐದು ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.2 ಕೋಟಿ ಮಂದಿ ಬಲವಂತದ ಮದುವೆಯಲ್ಲಿ ಸಿಕ್ಕಿಬಿದ್ದವರು. ನಮ್ಮಲ್ಲಿ ಇದಕ್ಕೆ ಜೀತ ಎಂಬ ಹಳೆಯ ಹೆಸರಿದೆ. 1976ರ ಕಾಯ್ದೆ ಜೀತವನ್ನೂ ಅದರ ಹಿಂದಿನ ಸಾಲವನ್ನೂ ರದ್ದು ಮಾಡಿತು. ಇಲ್ಲಿಯೂ ಬಿಡುಗಡೆ ಪತ್ರವಿದೆ. ಪುನರ್ವಸತಿ ಇಲ್ಲದೆ ಬಿಡುಗಡೆ ಮಾಡಿದರೆ ಜೀತಗಾರ ಮತ್ತೆ ಜೀತಕ್ಕೇ ಬೀಳುತ್ತಾನೆ ಎಂದು 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು.

‘ಅತ್ತೌಬಾ’ ಅಧ್ಯಾಯದಲ್ಲಿ ಝಕಾತಿನ ಎಂಟು ಪಾಲುಗಳನ್ನು ಎಣಿಸುವಾಗ ಕೊರಳು ಬಿಡಿಸುವುದು ಮತ್ತು ಸಾಲಗಾರರು ಒಂದರ ಪಕ್ಕ ಒಂದು ಬರುತ್ತವೆ. ಮುಂಗಡ ಪಡೆದು ಇಟ್ಟಿಗೆ ಗೂಡಿನಲ್ಲೋ ಕಲ್ಲುಕೋರೆಯಲ್ಲೋ ಸಿಕ್ಕಿಬಿದ್ದ ಕುಟುಂಬ ಈ ಎರಡೂ ಪಾಲುಗಳಿಗೆ ಒಟ್ಟಿಗೇ ಹಕ್ಕುದಾರ. ರಮಝಾನಿನಲ್ಲಿ ಝಕಾತಿನ ಲೆಕ್ಕ ಬರೆಯುವಾಗ ನಮ್ಮಲ್ಲಿ ಎಷ್ಟು ಜನ ‘ಕೊರಳು’ ಎಂಬ ಸಾಲನ್ನು ಗುಲಾಮರು ಈಗಿಲ್ಲವೆಂದು ಖಾಲಿ ಬಿಡುತ್ತೇವೆ! ಆ ಸಾಲನ್ನು ಇನ್ನು ತುಂಬಬೇಕು. ಕೊಟ್ಟದ್ದು ಕೂಲಿಯಾಳಿನ ಹೊಸ ಸಾಲವಾಗಬಾರದು, ಒಡೆಯನ ಖಜಾನೆಗೂ ಸೇರಬಾರದು, ಏಕೆಂದರೆ ಆ ಸಾಲವನ್ನು ಕಾನೂನು ಎಂದೋ ಅಳಿಸಿಹಾಕಿದೆ. ಹೊರಬಂದ ಮೇಲಿನ ಬದುಕಿಗೆ, ಮಕ್ಕಳ ಶಾಲೆಗೆ, ನ್ಯಾಯಾಲಯದ ಓಡಾಟಕ್ಕೆ ಅದು ಸಲ್ಲಬೇಕು. ಅವರು ನಮಗೆ ಕೃತಜ್ಞರಾಗಿರಬೇಕೆಂಬ ನಿರೀಕ್ಷೆ ಮೂಡಿದರೆ, ನಾವೂ ಒಂದು ಬಿಡುಗಡೆ ಪತ್ರ ಬರೆದುಕೊಟ್ಟು ಬಾಗಿಲಲ್ಲಿ ಅಡ್ಡ ನಿಂತಿದ್ದೇವೆ ಎಂದೇ ಅರ್ಥ.