ದುರಸ್ತಾದ ಹಳೇ ಗಾಡಿಯನ್ನು ನಂಬಬಹುದೋ?

ಒಂದು ಸಾರಿ ನಮ್ಮನ್ನು ದಾರಿಯಲ್ಲಿ ಕೈಬಿಟ್ಟ ವಸ್ತುವನ್ನು, ಅದು ದುರಸ್ತಾದ ಬಳಿಕ, ಮೊದಲಿನಂತೆ ನಂಬುವದು ಸರಿಯೋ? ಇದು ಅಲ್ಪವಾದ ಪ್ರಶ್ನೆಯೆಂದು ತೋರಬಹುದು. ಆದರೆ ಗಾಡಿಯ ಹಿಂದಿನ ಆಸನದಲ್ಲಿ ವೃದ್ಧೆಯಾದ ತಾಯಿಯವರು ಕೂತಿರುವಾಗ ಅದು ಅಲ್ಪವಾದದ್ದಲ್ಲ.

ನಮ್ಮ ಮನೆಯ ಕಾರಿಗೆ ಇಪ್ಪತ್ತು ವರುಷಗಳು ತುಂಬಿದವು. ಕಳೆದ ಬೇಸಗೆಯಲ್ಲಿ ಅದು ಶಿರಾಡಿ ಘಾಟಿಯನ್ನು ಹತ್ತುತ್ತಿರುವಾಗ ಕಾವನ್ನು ತೋರಿಸುವ ಮುಳ್ಳು ಮೇಲಕ್ಕೇರಿ, ಮುಂಗಡೆಯಿಂದ ಹಬೆ ಎದ್ದಿತು. ಮೆಕ್ಯಾನಿಕನು ನೋಡಿ, ಥರ್ಮೋಸ್ಟಾಟ್ ಎಂಬ ಕವಾಟವು ತೆರೆಯದೆ ಇದ್ದದರಿಂದ ಬಿಸಿನೀರು ರೇಡಿಯೇಟರಿಗೆ ಹೋಗಲಿಲ್ಲವೆಂದು ಹೇಳಿ ಹೊಸದನ್ನು ಹಾಕಿದನು. ತರುವಾಯ ಧಾರವಾಡದಲ್ಲಿರುವ ಅಕ್ಕನ ಮನೆಗೆ ಹೋಗುವ ಮಾತು ಬಂತು. ಆ ದಾರಿಯಲ್ಲಿ ಅಂಕೋಲೆಯ ಆಚೆ ಅರಬೈಲು ಘಟ್ಟವನ್ನು ಹತ್ತಬೇಕು. ಆಗ ತಾಯಿಯವರು, "ಮಗಾ, ಈ ಗಾಡಿ ಈಗ ಸರಿಯಾಯಿತೋ?" ಎಂದು ಕೇಳಿದರು. "ಆಯಿತಮ್ಮಾ, ಏನೂ ಭಯವಿಲ್ಲ" ಎಂಬ ಉತ್ತರವು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ನಾವು ತಿಳಿದು ಹೇಳುತ್ತಿದ್ದೆವೋ, ಹೋಗಬೇಕೆಂಬ ಆಶೆಯಿಂದ ಹೇಳುತ್ತಿದ್ದೆವೋ?

ಈ ವಿಷಯದಲ್ಲಿ ಜನರು ಎರಡು ವಿಧವಾಗಿ ತಪ್ಪುತ್ತಾರೆ. ಕೆಲವರು, ಹಣ ಕೊಟ್ಟೆವು, ಇನ್ನು ಚಿಂತೆಯಿಲ್ಲ ಎನ್ನುತ್ತಾರೆ. ಇದು ಸೋಮಾರಿತನವೇ, ಯಾಕಂದರೆ ಕೊಟ್ಟ ಹಣವು ಕೆಲಸಕ್ಕೆ ಸಾಕ್ಷಿಯಲ್ಲ. ಬೇರೆ ಕೆಲವರು, ಒಮ್ಮೆ ಕೆಟ್ಟದ್ದು ಎಂದೂ ಕೆಟ್ಟದ್ದೇ ಎನ್ನುತ್ತಾರೆ. ಇದು ಅನ್ಯಾಯವೇ, ಯಾಕಂದರೆ ಹೊಸದೂ ಒಂದು ದಿನ ಕೆಡುವದು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯು ಈ ಎರಡರ ನಡುವೆ ನಡೆಯುತ್ತದೆ. ಹೇಗಂದರೆ, ಸ್ವಂತ ಕಾರಿನ ನೋಂದಣಿಯು 15 ವರುಷ ನಡೆಯುವದು. ಆ ಮೇಲೆ ಗಾಡಿಯನ್ನು ಪರೀಕ್ಷಿಸಿ 5 ವರುಷಕ್ಕೆ ಹೊಸದು ಮಾಡುತ್ತಾರೆ. ವಯಸ್ಸಾಯಿತೆಂದು ತಳ್ಳುವದಿಲ್ಲ, ಪರೀಕ್ಷಿಸದೆ ಬಿಡುವದೂ ಇಲ್ಲ.

ಹಾಗಾದರೆ ನಂಬಿಕೆಗೆ ಆಧಾರಗಳು ಯಾವವು? ನಮಗೆ ನಾಲ್ಕು ತೋರುತ್ತವೆ.

ಮೊದಲನೆಯದು, ಕಾರಣವು ಕಂಡುಬಂದಿರಬೇಕು. ಕುದಿದ ಗಾಡಿಗೆ ನೀರು ಹೊಯ್ದು ಮುಂದೆ ಹೋಗುವದು ದುರಸ್ತಲ್ಲ. ನಾವು ಆ ಹಳೇ ಕವಾಟವನ್ನು ಕೇಳಿ ತಂದು, ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆವು. ಒಳ್ಳೇ ಕವಾಟವು ನೀರು ಕುದಿಯುವದಕ್ಕೆ ಮುಂಚೆಯೇ ತೆರೆಯತಕ್ಕದ್ದು. ಇದು ಮಳಮಳನೆ ಕುದಿಯುವ ನೀರಿನಲ್ಲಿಯೂ ಮುಚ್ಚಿಕೊಂಡೇ ಇತ್ತು. ಮೆಕ್ಯಾನಿಕನ ಮಾತು ನಿಜವೆಂದು ಕಣ್ಣಾರೆ ಕಂಡೆವು.

ಎರಡನೆಯದು, ಕೆಟ್ಟದರಿಂದ ಆದ ಹಾನಿಯನ್ನೂ ನೋಡಬೇಕು. ಇಂಜಿನು ಅತಿಯಾಗಿ ಕಾದರೆ ಅದರ ಅಲ್ಯೂಮಿನಿಯಮಿನ ತಲೆಯು ಸೊಟ್ಟಾಗಿ, ಕೆಳಗಿನ ಗ್ಯಾಸ್ಕೆಟು ಹಾಳಾಗುವದುಂಟು. ಆಗ ಹೊರಗೆ ಸೋರದೆ ನೀರು ಕಡಿಮೆಯಾಗುವದು, ಇಂಜಿನು ಕಾದ ಮೇಲೂ ಬಿಳೀ ಹೊಗೆ ಬಿಡದು, ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವದು. ತಪ್ಪು ತಿದ್ದಲ್ಪಟ್ಟರೂ ತಪ್ಪಿನಿಂದಾದ ಗಾಯವು ಉಳಿದಿರಬಹುದು.

ಮೂರನೆಯದು, ಒಂದು ಭಾಗವು ಹೊಸದಾದದರಿಂದ ಉಳಿದವುಗಳು ಹೊಸದಾಗಲಿಲ್ಲ. ರಬ್ಬರಿನ ಕೊಳವೆಗಳೂ ಬೆಲ್ಟುಗಳೂ ವರುಷಗಳಿಂದ ಸವೆಯುತ್ತಿವೆ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿಕೊಂಡಿದ್ದರೆ ಉದ್ದವಾದ ಇಳಿಜಾರಿನಲ್ಲಿ ಕಾದು ಕುದಿಯಬಹುದು. ಆಗ ತುಳಿದರೂ ಬ್ರೇಕು ಹಿಡಿಯದು. ಘಟ್ಟ ಹತ್ತಿದವನು ಇಳಿಯಲೂ ಬೇಕಷ್ಟೆ. ಆದಕಾರಣ ಆ ಎಣ್ಣೆಯನ್ನೂ ಬದಲಿಸಿದೆವು.

ನಾಲ್ಕನೆಯದು, ನಂಬಿಕೆಯನ್ನು ಸ್ವಲ್ಪಸ್ವಲ್ಪವಾಗಿ ಬೆಳಿಸಬೇಕು. ನಾವು ಒಬ್ಬರೇ ಮೊದಲು ಮಂಗಳೂರಿನಿಂದ ಮೂಡಬಿದಿರೆಯ ವರೆಗೆ ಹೋಗಿ ಬಂದೆವು. ದಿನಾಲು ಮುಂಜಾನೆ, ಇಂಜಿನು ತಣ್ಣಗಿರುವಾಗ, ನೀರಿನ ಮಟ್ಟವನ್ನು ನೋಡಿದೆವು. ಕಾದಿರುವಾಗ ಮುಚ್ಚಳವನ್ನು ತೆರೆದರೆ ಮುಖವು ಬೆಂದೀತು. ಐದನೆಯ ಮುಂಜಾನೆ ನೀರು ಒಂದು ಬೆರಳಷ್ಟು ಇಳಿದಿತ್ತು. ನಮ್ಮ ಎದೆ ಧಸಕ್ಕೆಂದಿತು. ಹುಡುಕಲಾಗಿ ಒಂದು ಕೊಳವೆಯ ಬಿಗಿಪಟ್ಟಿಯು ಸಡಿಲವಾಗಿತ್ತು, ಬಿಗಿದೆವು. ಆ ಮೇಲೆ ಮೂರು ವಾರ ನೀರು ಇಳಿಯಲಿಲ್ಲ, ಚಾರ್ಮಾಡಿ ಘಾಟಿಯನ್ನು ಹತ್ತಿದರೂ ಮುಳ್ಳು ಕದಲಲಿಲ್ಲ. "ಏನೂ ಭಯವಿಲ್ಲ" ಎಂದು ಮೊದಲ ದಿನವೇ ಹೇಳಿದ್ದರೆ ನಾವು ತಿಳಿಯದ್ದನ್ನು ತಿಳಿದವರಂತೆ ಹೇಳಿದವರಾಗುತ್ತಿದ್ದೆವು.

ಇಷ್ಟು ನೋಡುವದು ಅಪನಂಬಿಕೆಯಲ್ಲವೋ ಎಂದು ಕೇಳುವವರಿಗೆ ನಮ್ಮ ಉತ್ತರವಿದು: ಕಣ್ಣು ಮುಚ್ಚಿ ನಂಬುವವನು ತನ್ನ ಆಶೆಯನ್ನೇ ನಂಬುತ್ತಾನೆ, ಕಣ್ಣು ತೆರೆದು ನಂಬುವವನು ಗಾಡಿಯನ್ನು ನಂಬುತ್ತಾನೆ. ಮನುಷ್ಯರ ವಿಷಯದಲ್ಲಿ ಮಾತ್ರ ಇದನ್ನು ಜಾಗ್ರತೆಯಿಂದ ನಡಿಸಬೇಕು. ಪರೀಕ್ಷಿಸಲ್ಪಡುವದರಿಂದ ಇಂಜಿನಿಗೆ ನೋವಿಲ್ಲ, ತಿದ್ದಿಕೊಂಡ ಮನುಷ್ಯನಿಗೆ ನೋವುಂಟು.

ಇನ್ನೊಂದು ಮಾತು. ನಮ್ಮ ಮೇಲೆ ನಾವೇ ತೆಗೆದುಕೊಳ್ಳುವ ಅಪಾಯವು ಬೇರೆ, ಇನ್ನೊಬ್ಬರಿಗೆ ತಿಳಿಸದೆ ಅವರ ಮೇಲೆ ಹೊರಿಸುವ ಅಪಾಯವು ಬೇರೆ. ಆದಕಾರಣ ಕೊನೆಗೆ ತಾಯಿಯವರಿಗೆ ಎಲ್ಲವನ್ನೂ ಹೇಳಿದೆವು: "ಅಮ್ಮಾ, ಇಂಥಿಂಥದ್ದನ್ನು ನೋಡಿದ್ದೇವೆ, ಗಾಡಿಯಂತೂ ಹಳೇದೇ. ಮುಳ್ಳು ಏರಿದರೆ ನಿಲ್ಲಿಸುವೆವು. ಮನಸ್ಸಿಲ್ಲದಿದ್ದರೆ ಬಸ್ಸಿನಲ್ಲಿ ಹೋಗೋಣ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿದ್ದು ಕೂತರೆ ಹೆದರಿಕೆ ಕಡಿಮೆ, ನಡೆ" ಎಂದರು. ಅರಬೈಲು ಘಟ್ಟದ ನಡುವೆ ಒಂದು ಸಾರಿ ನಿಲ್ಲಿಸಿ ಗಾಡಿಯನ್ನು ತಣಿಸಿ ಸುಖವಾಗಿ ಮುಟ್ಟಿದೆವು.

ವಾಚಕರೇ, ನಿಮ್ಮ ಗಾಡಿಯ ಕುರಿತು ಯಾರಾದರೂ ಕೇಳಿದರೆ, ತಿಳಿದದ್ದನ್ನು ತಿಳಿದಷ್ಟೇ ಹೇಳಿರಿ. ಹತ್ತಿ ಕೂತವರ ಪ್ರಾಣವು ನಿಮ್ಮ ಆ ಮಾತಿನ ಮೇಲೆ ಕೂತಿರುವದು.