ಒಂದು ಸಣ್ಣ ‘ಆಯ್ತು’

ತಂಡದ ಅಪ್ರೈಸಲ್ ಟಿಪ್ಪಣಿಗಳ ಫೈಲನ್ನು ಆಫೀಸಿನ ಶೇರ್ಡ್ ಡ್ರೈವ್‌ನಲ್ಲಿ ಇಟ್ಟಿದ್ದೆ. ಬೇರೆಯವರು ನೋಡಬಾರದಲ್ಲ, ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ‘ಚ್‌ಮಾಡ್ 600’ ಅಂತ ಕಮಾಂಡ್ ಕೊಟ್ಟೆ. ಫೈಲಿನ ಮಾಲೀಕರು ಮಾತ್ರ ಓದಬಹುದು, ಬರೆಯಬಹುದು ಅಂತ ಅರ್ಥ. ಎರರ್ ಬರಲಿಲ್ಲ. ಲಿನಕ್ಸ್‌ನಲ್ಲಿ ಮೌನವೆಂದರೆ ಸಮ್ಮತಿ. ನೆಮ್ಮದಿಯಾಗಿ ಮನೆಗೆ ಹೋದೆ.

ಎರಡು ದಿನ ಬಿಟ್ಟು ತಂಡದ ಹುಡುಗಿಯೊಬ್ಬಳು ಕಾಫಿ ಮಷೀನ್ ಹತ್ತಿರ ಕೇಳಿದಳು: “ನಂಗೆ ಯಾಕೆ ಅಷ್ಟು ಕಮ್ಮಿ ರೇಟಿಂಗ್ ಬರೆದಿದ್ದೀರಾ?”

ಆ ಡ್ರೈವ್ ಇದ್ದದ್ದು ವಿಂಡೋಸ್ ಸರ್ವರ್‌ನಲ್ಲಿ. ಲಿನಕ್ಸ್ ಅದನ್ನು ತಲುಪುವುದು ಸಿಫ್ಸ್ ಎಂಬ ಡ್ರೈವರ್ ಮೂಲಕ. ವಿಂಡೋಸ್‌ನಲ್ಲಿ ಅನುಮತಿ ಅಂದರೆ ಯಾರ್ಯಾರಿಗೆ ಏನೇನು ಅನ್ನುವ ಉದ್ದದ ಪಟ್ಟಿ. ಲಿನಕ್ಸ್‌ನಲ್ಲಿ ಬರೀ ಒಂಬತ್ತು ಬಿಟ್‌ಗಳು. ಒಂದರ ಭಾಷೆ ಇನ್ನೊಂದಕ್ಕೆ ಬರಲ್ಲ. ಹಾಗಾಗಿ ಡ್ರೈವರ್ ಎಲ್ಲ ಫೈಲಿಗೂ 755 ಅಂತ ತಾನೇ ಒಂದು ಅಂಕಿ ತೋರಿಸುತ್ತೆ. ಬದಲಾಯಿಸು ಅಂದರೆ ‘ಆಯ್ತು’ ಅನ್ನುತ್ತೆ, ಏನೂ ಮಾಡಲ್ಲ. ಮ್ಯಾನುಯಲ್‌ನಲ್ಲೇ ಇದನ್ನು ಬರೆದಿದ್ದಾರೆ. ನಾನು ಓದಿರಲಿಲ್ಲ.

ಇದು ಸುಳ್ಳಾ? ಡ್ರೈವರ್ ಪರವಾಗಿಯೂ ವಾದವಿದೆ. ‘ಆಗಲ್ಲ’ ಅಂದರೆ ಫೈಲ್ ಕಾಪಿ ಮಾಡುವ ಎಷ್ಟೋ ಪ್ರೋಗ್ರಾಮ್‌ಗಳು ಅರ್ಧದಲ್ಲೇ ಮುಗ್ಗರಿಸುತ್ತವೆ. ಅನುಮತಿ ಬದಲಾಗದಿದ್ದರೂ ಅವುಗಳಲ್ಲಿ ಹೆಚ್ಚಿನವಕ್ಕೆ ನಷ್ಟವಿಲ್ಲ. ಕೆಲಸ ನಿಲ್ಲದಿರಲಿ ಅಂತ ಹೇಳಿದ ಒಳ್ಳೆಯ ಸುಳ್ಳು.

ತೊಂದರೆ ಇರುವುದು ಇಲ್ಲೇ. ‘ಆಯ್ತು’ ಅನ್ನುವವರಿಗೆ, ಕೇಳಿಸಿಕೊಂಡವರು ಆ ಮಾತನ್ನು ನಂಬಿ ಏನನ್ನು ಪಣಕ್ಕಿಟ್ಟಿದ್ದಾರೆ ಅಂತ ಗೊತ್ತಿರಲ್ಲ. ರಜೆಯ ಫೋಟೋ ಇರಬಹುದು, ಒಬ್ಬರ ಮರ್ಯಾದೆಯೂ ಇರಬಹುದು. ಗೊತ್ತಿಲ್ಲದ ಮೇಲೆ ‘ಸಣ್ಣ ಸುಳ್ಳು’ ಅಂತ ತೀರ್ಪು ಕೊಡುವ ಹಕ್ಕು ಎಲ್ಲಿಂದ ಬಂತು?

ಡ್ರೈವರ್ ಬರೆಯುವವರು ಇದಕ್ಕೆ ದಾರಿ ಮಾಡಿದ್ದಾರೆ. ‘ಸಿಫ್ಸ್‌ಎಸಿಎಲ್’ ಆಯ್ಕೆ ಕೊಟ್ಟು ಮೌಂಟ್ ಮಾಡಿದರೆ ನಮ್ಮ ಬಿಟ್‌ಗಳು ಸರ್ವರ್‌ನ ಪಟ್ಟಿಗೆ ಅನುವಾದವಾಗುತ್ತವೆ. ‘ಮೋಡ್‌ಫ್ರಮ್‌ಸಿಡ್’ ಅಂದರೆ ಆ ಅಂಕಿಯೇ ಪಟ್ಟಿಯ ಒಂದು ವಿಶೇಷ ನಮೂದಿನಲ್ಲಿ ಉಳಿಯುತ್ತೆ. ಆದರೆ ಎರಡನ್ನೂ ನಾವೇ ಕೇಳಿ ಪಡೆಯಬೇಕು. ಕೇಳದಿದ್ದರೆ ಸಿಗುವುದು ಅದೇ ಹಳೆಯ ‘ಆಯ್ತು’.

ಅವತ್ತು ಅವಳಿಗೆ ಡ್ರೈವರ್ ಕಥೆಯನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಅದಿರ್ಲಿ, ವರ್ಷ ಪೂರ್ತಿ ಚೆನ್ನಾಗ್ ಮಾಡ್ತಿದ್ದೀಯ ಅಂತ ಯಾಕೆ ಹೇಳ್ತಿದ್ರಿ?” ಅಂದಳು.

ಅವಳು ಬೇಜಾರಾಗದಿರಲಿ, ಕೆಲಸ ನಿಲ್ಲದಿರಲಿ ಅಂತ ಹೇಳುತ್ತಿದ್ದೆ. ಆ ಮಾತು ನಂಬಿ ಅವಳು ಬೇರೆ ಕಂಪನಿಯ ಆಫರ್ ಬಿಟ್ಟಿದ್ದಳು.